ಪಿಯಾನೋವಿನ ಪೆಡಲು

ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನ ಮನೆಯಲ್ಲಿ, ಅದೂ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ, ಪಿಯಾನೋ ಏತಕ್ಕೆ ಬಂದಿತೆಂದು ವಾಚಕರು ಕೇಳಬಹುದು. ಮಗನಿಗೂ ಸೊಸೆಗೂ ದೂರದೇಶದಲ್ಲಿ ಎರಡು ವರ್ಷದ ಕೆಲಸವೊದಗಿದ್ದರಿಂದ ಹನ್ನೊಂದು ವರ್ಷದ ಮೊಮ್ಮಗಳು ನಮ್ಮಲ್ಲಿ ಬಂದು ನಿಂತಳು. ಅವಳೊಡನೆ ಅವಳ ವಾದ್ಯವೂ ಬಂದಿತು. ಇದು ತಂತಿಯ ಪಿಯಾನೋ ಅಲ್ಲ, ವಿದ್ಯುತ್ತಿನಿಂದ ನುಡಿಯುವ ಡಿಜಿಟಲ್ ಪಿಯಾನೋ, ಕೊಂಡಾಗಲೇ ಹಳೆಯದು. ಬೆಂಗಳೂರಿನ ಉಪಾಧ್ಯಾಯಿನಿಯೊಬ್ಬರು ಭಾನುವಾರ ಬೆಳಗ್ಗೆ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಪಾಠ ಹೇಳುವರು. ಆ ಪರದೆಯಲ್ಲಿ ಅವರಿಗೆ ಹುಡುಗಿಯ ಕೈಗಳು ಕಾಣುವುವು, ಕಾಲು ಕಾಣದು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಕಳೆದ ತಿಂಗಳು ನುಡಿಸುವಾಗ ಒಂದು ಸ್ವರದ ಮೇಲೆ ಇನ್ನೊಂದು ಸ್ವರ ಬಿದ್ದು, ಸಂತೆಯ ಗದ್ದಲದಂತೆ ಎಲ್ಲವೂ ಕಲಸಿಹೋಗಲಾರಂಭಿಸಿತು. "ಪೆಡಲಿನಿಂದ ಕಾಲು ಎತ್ತಮ್ಮ, ಎಷ್ಟು ಸಲ ಹೇಳಲಿ?" ಎಂದು ಉಪಾಧ್ಯಾಯಿನಿಯವರು ಮೂರು ಭಾನುವಾರಗಳು ಹೇಳಿದರು. ಹುಡುಗಿ ಎದುರು ಮಾತನಾಡಲಿಲ್ಲ. ಆದರೆ ನುಡಿಸುವ ರೀತಿಯೇ ಬದಲಾಯಿತು. ಬೆರಳುಗಳು ಕಾದ ಹೆಂಚನ್ನು ಮುಟ್ಟಿದಂತೆ ಮುಟ್ಟಿ ಮೇಲೇಳುತ್ತಿದ್ದವು. ನಾಲ್ಕನೆಯ ವಾರ ಬಲಗಾಲನ್ನು ಮಡಿಸಿ ಸ್ಟೂಲಿನ ಮೇಲೆ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಆಗಲೂ ನಾದವು ನಿಲ್ಲಲಿಲ್ಲ. ತರಗತಿಯಲ್ಲಿ ಮೂವತ್ತು ವರ್ಷ ಮಕ್ಕಳ ಮುಖ ನೋಡಿದವನಿಗೆ, ಮಾಡದ ತಪ್ಪನ್ನು ಒಪ್ಪಿಕೊಂಡ ಮಗುವಿನ ಮುಖ ಗುರುತು ಸಿಕ್ಕದೆ ಇರದು. ನಾನು ಮೇಜಿನ ಕೆಳಗೆ ಬಗ್ಗಿದೆನು.

ನಿಜವಾದ ಪಿಯಾನೋವಿನಲ್ಲಿ ಮನೆಯನ್ನೊತ್ತಿದರೆ ಸಣ್ಣ ಸುತ್ತಿಗೆಯೊಂದು ತಂತಿಗೆ ಬಡಿಯುವುದು; ಬೆರಳೆತ್ತಿದೊಡನೆ ಉಣ್ಣೆಯ ಮೆತ್ತೆಯೊಂದು ತಂತಿಯ ಮೇಲೆ ಕುಳಿತು ನಾದವನ್ನಡಗಿಸುವುದು. ಬಲಗಾಲಿನ ಪೆಡಲನ್ನು ತುಳಿದರೆ ಈ ಮೆತ್ತೆಗಳೆಲ್ಲವೂ ಒಮ್ಮೆಗೇ ಮೇಲೇಳುವುವು. ಎಂದರೆ, ಪೆಡಲು ನಾದವನ್ನು ಹಿಡಿದಿಡುವುದಿಲ್ಲ. ನಾದವನ್ನು ಅಡಗಿಸತಕ್ಕದ್ದನ್ನು ಆಚೆಗೆ ಸರಿಸುವುದು, ಅಷ್ಟೆ. ಇಟಲಿಯ ಕ್ರಿಸ್ತೋಫೊರಿಯು 1700ರ ಸುಮಾರಿಗೆ ಪಿಯಾನೋವನ್ನು ನಿರ್ಮಿಸಿದನಾದರೂ ಪಾದದ ಪೆಡಲು ಬಂದುದು ತಡವಾಗಿ. ನಡುವೆ ಮೊಣಕಾಲಿನಿಂದ ಒತ್ತುವ ಸನ್ನೆಯಿತ್ತು. 1777ರಲ್ಲಿ ಮೊಜಾರ್ಟನು ತಂದೆಗೆ ಬರೆದ ಕಾಗದದಲ್ಲಿ ಅಂತಹದೊಂದನ್ನು ಬಹಳವಾಗಿ ಮೆಚ್ಚಿಕೊಂಡಿದ್ದಾನೆ. 1783ರಲ್ಲಿ ಲಂಡನ್ನಿನ ಬ್ರಾಡ್‌ವುಡ್ಡನು ಪೆಡಲಿಗೆ ಪೇಟೆಂಟು ಪಡೆದನು. ಇವೆಲ್ಲ ನಮಗೆ ಹೊರಗಿನ ಮಾತುಗಳೆನ್ನುವವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರನ್ನು ನೆನೆಯಬೇಕು. ವೀಣೆಯನ್ನೂ ಪಿಯಾನೋವನ್ನೂ ಬಲ್ಲ ಆ ಮಹಾರಾಜರು 1940ರ ದಶಕದ ಕೊನೆಯಲ್ಲಿ, ರಷ್ಯದ ಮೆಡ್ನರನೆಂಬ ಮುದಿ ಸಂಗೀತಗಾರನ ಕೃತಿಗಳು ಗ್ರಾಮಫೋನು ತಟ್ಟೆಗಳಲ್ಲಿ ಉಳಿಯುವಂತೆ ಹಣವನ್ನೊದಗಿಸಿದರು.

ಹೊಡೆತವು ಮುಗಿದ ಬಳಿಕ ಉಳಿಯುವ ನಾದಕ್ಕೆ ನಮ್ಮ ಶಾಸ್ತ್ರದಲ್ಲಿ ಅನುರಣನವೆಂದು ಹೆಸರು. ಗಂಟೆಯನ್ನು ಬಾರಿಸಿ ಕೈ ತೆಗೆದ ಮೇಲೆ ಕೇಳುವುದೇ ಅದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು, ವಾಚ್ಯಾರ್ಥವು ತಿಳಿದ ಬಳಿಕ ಮೆಲ್ಲನೆ ಹೊಳೆಯುವ ಒಂದು ಬಗೆಯ ವ್ಯಂಗ್ಯಾರ್ಥಕ್ಕೆ ಇದನ್ನೇ ಹೋಲಿಕೆಯಾಗಿ ಕೊಟ್ಟನು. ಓದುವ ಕಾಲದಲ್ಲಿ ಇದಕ್ಕಾಗಿ ರಾತ್ರಿಗಳನ್ನು ಕಳೆದಿದ್ದೆನು. ಮೊಮ್ಮಗಳ ಸ್ಟೂಲಿನ ಕೆಳಗೆ ಮತ್ತೆ ಎದುರಾದೀತೆಂದು ಎಣಿಸಿರಲಿಲ್ಲ.

ಡಿಜಿಟಲ್ ವಾದ್ಯದಲ್ಲಿಯೋ ತಂತಿಯೂ ಇಲ್ಲ, ಮೆತ್ತೆಯೂ ಇಲ್ಲ. ನಾದವೆಲ್ಲ ಅದರ ಸ್ಮರಣಕೋಶದಲ್ಲಿರುವುದು. ಪೆಡಲು ಬರಿಯ ಒಂದು ಸ್ವಿಚ್ಚು. ನಮ್ಮದರಲ್ಲಿ ಕಾಲಿಡದಿರುವಾಗ ವಿದ್ಯುತ್ತಿನ ದಾರಿ ಕೂಡಿರುವುದು, ತುಳಿದಾಗ ಕಡಿಯುವುದು. (ಕೆಲವು ತಯಾರಕರದು ಇದಕ್ಕೆ ವಿರುದ್ಧ.) ಆದುದರಿಂದ ದಾರಿಯು ಬೇರೆ ಯಾವ ಕಾರಣದಿಂದ ಕಡಿದರೂ ವಾದ್ಯವು ಕಾಲು ತುಳಿಯಿತೆಂದೇ ತಿಳಿಯುವುದು.

ವಾದ್ಯವನ್ನು ಆರಿಸಿ, ಪೆಡಲಿನ ಪಿನ್ನನ್ನು ಕಿತ್ತು, ಮತ್ತೆ ಹಚ್ಚಿ ನುಡಿಸೆಂದೆನು. ಕಲಬೆರಕೆಯಿಲ್ಲದೆ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿತು. ವಾದ್ಯವು ನಿರ್ದೋಷಿ, ದೋಷವು ಪೆಡಲಿನದು ಎಂದು ಅಲ್ಲಿಗೆ ತೀರಿತು. ಪೇಟೆಯ ಅಂಗಡಿಯೊಂದಕ್ಕೆ ಫೋನು ಮಾಡಿದರೆ, ಅಷ್ಟು ಹಳೆಯದನ್ನು ಯಾರೂ ರಿಪೇರಿ ಮಾಡರು, ಹೊಸ ಪಿಯಾನೋವನ್ನೇ ಕೊಳ್ಳಿರೆಂದು ಬುದ್ಧಿ ಹೇಳಿದರು. ಮುಳಬಾಗಿಲಿನಲ್ಲಿ ಟೀವಿ, ಮೊಬೈಲು ರಿಪೇರಿ ಮಾಡುವ ಯುವಕನು ನನ್ನ ಶಿಷ್ಯ. ರಾಮಶಬ್ದವನ್ನು ಸಪ್ತಮಿಯವರೆಗೆ ಒಮ್ಮೆಯೂ ಒಪ್ಪಿಸಿದವನಲ್ಲ. ಕೈ ಮಾತ್ರ ಬಂಗಾರ. ಸಂಜೆ ತಾನೇ ಬಂದನು. ಪೆಡಲಿನ ಅಡಿಯ ತಿರುಪುಗಳನ್ನು ಬಿಚ್ಚಿ, ಒಳಗಿನ ಧೂಳನ್ನು ಊದಿ, ತಗಡಿನ ಎರಡು ನಾಲಗೆಗಳನ್ನು ಸ್ಪಿರಿಟ್ಟಿನಿಂದ ಒರಸಿದನು. ದೋಷ ಅಲ್ಲಿರಲಿಲ್ಲ. ಮೀಟರನ್ನು ತಂತಿಗೆ ಹಚ್ಚಿ, ಪಿನ್ನಿನ ಬಳಿ ಮೆಲ್ಲನೆ ಬಾಗಿಸಿದಾಗ ಮೀಟರಿನ ಕೂಗು ನಿಂತಿತು. ನೆಟ್ಟಗೆ ಮಾಡಿದಾಗ ಕೂಗಿತು. "ಪೆಡಲು ಚೆನ್ನಾಗೈತೆ ಸಾರ್, ತಂತಿ ಒಳಗೇ ತುಂಡಾಗೈತೆ" ಎಂದನು.

ಕಾರಣವೂ ತಿಳಿಯಿತು. ನಮ್ಮ ನೆಲ ನುಣುಪು. ತುಳಿದಾಗಲೆಲ್ಲ ಪೆಡಲು ಮುಂದಕ್ಕೆ ಜಾರಿ ತಂತಿಯನ್ನೆಳೆಯುತ್ತಿದ್ದಿತು. ಮುರಿದ ಎಳೆಗಳು ಕಾಲಾಡಿದಾಗಲೇ ಅಗಲುತ್ತಿದ್ದುದರಿಂದ, ಕೇಳುವವರಿಗೆ ಅದು ಕಾಲಿನದೇ ತಪ್ಪೆಂದು ತೋರದೆ ಇನ್ನೇನು ತೋರೀತು? ಕೆಟ್ಟ ಭಾಗವನ್ನು ಕತ್ತರಿಸಿ, ಮೈಕು ಸೆಟ್ಟಿನವರಲ್ಲಿ ಸಿಕ್ಕುವ ಕಾಲಂಗುಲದ ಪಿನ್ನನ್ನು ಬೆಸುಗೆ ಹಾಕಿದನು. ಪರೀಕ್ಷಿಸಿದಾಗ ಎಲ್ಲವೂ ತಲೆಕೆಳಗಾಯಿತು: ತುಳಿದರೆ ನಾದ ಕಡಿಯುವುದು, ಬಿಟ್ಟರೆ ನಿಲ್ಲುವುದು! ಇಂತಹ ಹಲವು ವಾದ್ಯಗಳು ದೀಪ ಹತ್ತುವ ಕ್ಷಣದಲ್ಲಿ ಪೆಡಲು ಹೇಗಿದೆಯೋ ಅದನ್ನೇ ವಿಶ್ರಾಂತಿಯ ಸ್ಥಿತಿಯೆಂದು ಗ್ರಹಿಸುವುವು. ಆ ಕ್ಷಣದಲ್ಲಿ ನನ್ನ ಶಿಷ್ಯನ ಅಂಗೈ ಪೆಡಲಿನ ಮೇಲಿದ್ದಿತು. ಆರಿಸಿ, ಕೈ ತೆಗೆದು, ಹಚ್ಚಿದ ಮೇಲೆ ಸರಿಹೋಯಿತು. ಪೆಡಲಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಹಾಸಿ, ತಂತಿಯನ್ನು ಸಡಿಲಬಿಟ್ಟು ಮೇಜಿನ ಕಾಲಿಗೆ ಕಟ್ಟಿದೆವು.

ಹುಡುಗಿಯ ಕಾಲು ಎರಡು ದಿನ ಪೆಡಲಿನ ಹತ್ತಿರ ಸುಳಿಯಲಿಲ್ಲ. ಮುರಿದ ತಂತಿಯ ತುಂಡನ್ನು ಅವಳ ಕೈಯಲ್ಲಿಟ್ಟೆನು. "ಹಾಗಾದರೆ ನಾನು ಎತ್ತುತ್ತಲೇ ಇದ್ದೆ, ಅಲ್ಲವೇ ತಾತ?" ಎಂದು ಕೇಳಿ, ಅದನ್ನು ತನ್ನ ಪೆನ್ಸಿಲ್ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಭಾನುವಾರ ಪಾಠ ಮುಗಿದಾಗ ಉಪಾಧ್ಯಾಯಿನಿಯವರು, "ಈಗ ಕಾಲು ಎತ್ತುವುದನ್ನು ಕಲಿತೆ" ಎಂದು ಮೆಚ್ಚಿದರು. ಆಗ ನಾನು ಫೋನಿನ ಮುಂದೆ ಬಂದು, ನಡೆದುದನ್ನು ತಿಳಿಸಿದೆನು. ಅವರು ಒಂದು ಗಳಿಗೆ ಸುಮ್ಮನಿದ್ದು, "ಆ ಮೂರು ವಾರದ ಪಾಠವನ್ನು ಮೊದಲಿನಿಂದ ನುಡಿಸಮ್ಮ, ನಾನು ಸರಿಯಾಗಿ ಕೇಳಲಿಲ್ಲ" ಎಂದರು.