ಹಂಡೆ, ಗೀಸರು ಮತ್ತು ಅಮ್ಮನ ಸ್ನಾನ

ದೆಹಲಿಯಲ್ಲಿ ದೀಪಾವಳಿ ಕಳೆಯಿತೆಂದರೆ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಸ್ನಾನದ ನೀರು ಬೇಗ ಕಾಯುವುದು ಯಾವುದರಿಂದ? ರಾಡ್ ಎನ್ನುವವರದು ಒಂದು ಪಕ್ಷ, ಗೀಸರ್ ಎನ್ನುವವರದು ಇನ್ನೊಂದು. ನಮ್ಮ ಮನೆಯಲ್ಲಿ ಮೂರನೆಯ ಪಕ್ಷವೂ ಉಂಟು. ಅದು 78 ವರ್ಷದ ನಮ್ಮಮ್ಮ. ತೀರ್ಥಹಳ್ಳಿ ಕಡೆಯ ತೋಟದ ಮನೆ ಬಿಟ್ಟು ಸರ್ಕಾರಿ ಕ್ವಾರ್ಟರ್ಸಿಗೆ ಬಂದು ಮೂರು ವರ್ಷವಾದರೂ, ಹಂಡೆಯಲ್ಲಿ ಕಾಯದ ನೀರು ಅವರ ಲೆಕ್ಕದಲ್ಲಿ ಬಿಸಿನೀರೇ ಅಲ್ಲ. "ಇದೆಂಥ ನೀರೋ, ಮೈಮೇಲೆ ಬಿದ್ದ ಹಾಗೇ ಆಗಲಿಲ್ಲ" ಎನ್ನುತ್ತ ಬಚ್ಚಲಿನಿಂದ ಹೊರಬರುತ್ತಾರೆ.

ಮಲೆನಾಡಿನ ಬಚ್ಚಲೊಲೆಯನ್ನು ಕಂಡವರಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ಮಣ್ಣಿನ ಕಟ್ಟೆಯಲ್ಲಿ ಕುತ್ತಿಗೆಯವರೆಗೆ ಹುಗಿದ ತಾಮ್ರದ ಹಂಡೆ, ಮೇಲೊಂದು ಮುಚ್ಚಳ, ಕೆಳಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ರಾತ್ರಿಯಿಡೀ ಕನಲುವ ಒಂದು ಕುಂಟೆ. ನೀರು ತುಂಬುವ ಹಬ್ಬದಂದು ಅದೇ ಹಂಡೆಯನ್ನು ಹುಣಿಸೆಹುಳಿ ಹಾಕಿ ತಿಕ್ಕಿ ಬೆಳಗಿ, ಹಿಂಡಲೆ ಬಳ್ಳಿ ಸುತ್ತಿ, ಪೂಜೆ ಮಾಡುತ್ತಿದ್ದರು. ತಾಮ್ರದ ಗುಣವೇ ಗುಣ ಎಂದು ಅಮ್ಮನ ವಾದ. ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ ಎಂಬುದು ನಿಜ. ಆದರೆ ಹಂಡೆಯ ತಳಕ್ಕೆ ಬೆರಳು ದಪ್ಪದ ಮಸಿ ಹಿಡಿದ ಮೇಲೆ ತಾಮ್ರದ ಚಾತುರ್ಯ ಎಷ್ಟು ನಡೆದೀತು? ನಿಜವಾದ ಉಪಕಾರ ಮಾಡುತ್ತಿದ್ದದ್ದು ಸುತ್ತಲಿನ ಮಣ್ಣು ಮತ್ತು ಆ ಮುಚ್ಚಳ. ಸೌದೆಯ ಶಾಖದಲ್ಲಿ ಬಹುಪಾಲು ಹೊಗೆಯ ಜೊತೆ ಹೊರಟುಹೋಗುತ್ತಿತ್ತು. ಸಿಪ್ಪೆಗೆ ಕಾಸು ಕೊಡಬೇಕಿರಲಿಲ್ಲವಾದ್ದರಿಂದ ಯಾರೂ ಲೆಕ್ಕ ಇಡಲಿಲ್ಲ.

ಇಲ್ಲಿ ಲೆಕ್ಕ ಇಡಲೇಬೇಕು. ಎಂದೋ ಓದಿದ ಬಿ.ಎಸ್ಸಿ. ಇಂಥ ಕಡೆಯಾದರೂ ಉಪಯೋಗಕ್ಕೆ ಬರಲಿ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಜನವರಿಯಲ್ಲಿ ನಮ್ಮ ನಲ್ಲಿ ನೀರು 12 ಡಿಗ್ರಿ, ಸ್ನಾನಕ್ಕೆ ಬೇಕಾದದ್ದು 42. 20 ಲೀಟರಿನ ಬಕೆಟ್ಟಿಗೆ 2520 ಕಿಲೋಜೂಲ್, ಅಂದರೆ 0.7 ಯೂನಿಟ್. ಇದರಲ್ಲಿ ಯಾವ ಕಂಪನಿಯೂ ರಿಯಾಯಿತಿ ಕೊಡಲಾರದು. 1500 ವಾಟಿನ ರಾಡ್ 28 ನಿಮಿಷ ತೆಗೆದುಕೊಂಡರೆ, 3000 ವಾಟಿನ ಇನ್‌ಸ್ಟಂಟ್ ಗೀಸರ್ 14 ನಿಮಿಷ. ಬೇಗ ಕಾಯಿತೆಂದು ಖರ್ಚು ಕಡಿಮೆಯಾಗಲಿಲ್ಲ, ಗಮನಿಸಿ. ಖರ್ಚು ಉಳಿಯುವುದು ಶಾಖ ಸೋರದಂತೆ ತಡೆದಾಗ. ತೆರೆದ ಬಕೆಟ್ಟಿನಿಂದ ಹಬೆಯಾಡುವುದನ್ನು ನೋಡಲು ಸೊಗಸು. ಆದರೆ ಒಂದು ಲೀಟರು ಹಬೆಯಾಗಿ ಹೋಗುವ ಶಾಖದಲ್ಲಿ 500ಕ್ಕೂ ಹೆಚ್ಚು ಲೀಟರು ನೀರನ್ನು ಒಂದು ಡಿಗ್ರಿ ಏರಿಸಬಹುದು. ಗೀಸರನ್ನು ದಿನವಿಡೀ ಹಚ್ಚಿಡುವುದೂ ಅಷ್ಟೇ ದಂಡ. ಅದರ ಮೇಲಿನ ನಕ್ಷತ್ರಗಳು ಹೇಳುವುದು, ಸುಮ್ಮನೆ ನಿಂತ ಬಿಸಿನೀರು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನೇ.

ರಾಡ್ ಅಗ್ಗ, ಒಪ್ಪಿದೆ. ಆದರೆ ನೀರು ಕಾದಿತೇ ಎಂದು ಕೈ ಅದ್ದಿ ನೋಡುವುದು ಅಮ್ಮನ 60 ವರ್ಷದ ಅಭ್ಯಾಸ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ ಎಂದು ನೂರು ಸಲ ಹೇಳಿದರೂ ಬೆಳಗಿನ ಜಾವದ ಕತ್ತಲಲ್ಲಿ ಕೈ ತನ್ನ ಪಾಡಿಗೆ ತಾನು ಹೋಗುತ್ತದೆ. ಹೀಗಾಗಿ ರಾಡನ್ನು ಅಟ್ಟಕ್ಕೆ ಹಾಕಿದೆವು.

ನಮ್ಮವಳಿಗೆ ಗ್ಯಾಸ್ ಗೀಸರ್ ಮೇಲೆ ಮನಸ್ಸು. ನಲ್ಲಿ ತಿರುಗಿಸಿದರೆ ಸಾಕು, ಕಾಯುವ ಮಾತೇ ಇಲ್ಲ. ಗೀಸರ್ ಎಂಬ ಹೆಸರು ಬಂದದ್ದು ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯಿಂದ. 1868ರಲ್ಲಿ ಲಂಡನ್ನಿನ ಮಾನ್ ಎಂಬ ಬಣ್ಣಗಾರ ಮಾಡಿದ ಮೊದಲ ಗೀಸರೂ ಗ್ಯಾಸಿನದೇ, ಅದಕ್ಕೆ ಹೊಗೆ ಹೋಗುವ ಕೊಳವೆಯೇ ಇರಲಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ಅದೇ ಕಥೆ. ಚಳಿಯೆಂದು ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಉರಿ ಗಾಳಿಯನ್ನೆಲ್ಲ ತಿಂದು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಳೆದ ಪುಷ್ಯದಲ್ಲಿ ಪಕ್ಕದ ಬ್ಲಾಕಿನ ಕಾಲೇಜು ಹುಡುಗನೊಬ್ಬ ಹೀಗೇ ಬಿದ್ದಿದ್ದ. ನಲ್ಲಿಯ ಸದ್ದು ನಿಲ್ಲಲಿಲ್ಲವೆಂದು ಅವನ ತಾಯಿಗೆ ಅನುಮಾನ ಬಂದು, ನಾವು ನಾಲ್ಕು ಜನ ಸೇರಿ ಚಿಲಕ ಮುರಿದೆವು. ಬದುಕಿಕೊಂಡ.

ಎರಡು ವಾರ ನಮ್ಮವಳು ಗ್ಯಾಸಿನ ಮಾತೆತ್ತಲಿಲ್ಲ. ಆಮೇಲೊಂದು ದಿನ, "ಅದನ್ನು ಹೊರಗೆ ಬಾಲ್ಕನಿಯಲ್ಲಿಟ್ಟು ನೀರನ್ನು ಮಾತ್ರ ಒಳಗೆ ತಂದರೆ?" ಎಂದಳು. ಪಾಯಿಂಟು ಸರಿಯಾಗಿಯೇ ಇತ್ತು. ಉರಿಯುವುದು ಬಯಲಲ್ಲಿ, ಸ್ನಾನ ಒಳಗೆ; ನಮ್ಮ ಬಚ್ಚಲೊಲೆಯ ಬಾಯಿಯೂ ಎಷ್ಟೋ ಮನೆಗಳಲ್ಲಿ ಹೊರಗಡೆಗೇ ಇರುತ್ತಿತ್ತಲ್ಲ! ಆದರೆ ಸರ್ಕಾರಿ ಗೋಡೆಗೆ ತೂತು ಕೊರೆಯಲು ಅನುಮತಿ ಬೇಕು. ಅರ್ಜಿ ಕೊಟ್ಟಿದ್ದೇನೆ. ಕಡತಗಳ ನಡಿಗೆ ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಸದ್ಯಕ್ಕೆ 15 ಲೀಟರಿನ ಕರೆಂಟಿನ ಗೀಸರ್. 60 ಡಿಗ್ರಿಗೆ ಕಾಯಲು 25 ನಿಮಿಷ. ತಣ್ಣೀರು ಬೆರೆಸಿದರೆ 24 ಲೀಟರು, ಒಬ್ಬರ ಸ್ನಾನಕ್ಕೆ ಧಾರಾಳ. ಊರಿನಿಂದ ತಂದ ಪುಟ್ಟ ತಾಮ್ರದ ಹಂಡೆಗೆ ಅದನ್ನು ಹಿಡಿದು ಮುಚ್ಚಿಡುತ್ತೇವೆ. ಅಮ್ಮ ಮುಚ್ಚಳ ತೆಗೆದು ಕೈ ಅದ್ದಿ ನೋಡುತ್ತಾರೆ, ನೋಡಲಿ. ಹೊಗೆಯ ವಾಸನೆಯಿಲ್ಲ ಎಂಬ ದೂರು ಮಾತ್ರ ಹಾಗೇ ಉಳಿದಿದೆ. ಅವರ ಸ್ನಾನ ಐದಕ್ಕೆ. ನಾಲ್ಕೂವರೆಗೆ ಅಲಾರಂ ಇಟ್ಟು, ಶಾಲು ಹೊದ್ದು ಎದ್ದು ಹೋಗಿ ಸ್ವಿಚ್ ಒತ್ತುವ ಕೆಲಸ ನನ್ನದು.