ಗಂಟೆಗೆ ಮರುಗಂಟೆ

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಗೊತ್ತು, ಅದರ ಪಾನಿಗೆ ಬಣ್ಣವೇ ಇಲ್ಲ. ಬಾಯಿಗೆ ಬಿದ್ದ ಮೇಲೆ ತಾನೆ ಖಾರ ನೆತ್ತಿಗೇರುವುದು! ತಿನಿಸಿಗೆ ಈ ಗುಟ್ಟು ಚೆಂದ. ಮಕ್ಕಳಿಗೆ ಲೆಕ್ಕ ಕಲಿಸುವ ಮೊಬೈಲ್ ಆಟಕ್ಕೆ ಮಾತ್ರ ಸಲ್ಲದು. ಅಲ್ಲಿ ಒತ್ತಿದೊಡನೆ ಏನಾಯಿತು, ಯಾಕಾಯಿತು ಎಂಬುದು ಕಣ್ಣಿಗೆ ಕಾಣಬೇಕು.

ಆ ಪಾಠಕ್ಕೆ ದೂರ ಹೋಗಬೇಕಿಲ್ಲ; ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೆ.ಜಿ.ಎಫ್. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದರ ಚಾಂಪಿಯನ್ ರೀಫ್ ಭಾಗ ಮೂರು ಕಿಲೋಮೀಟರಿಗೂ ಹೆಚ್ಚು ಆಳ; ಅಷ್ಟು ಕೆಳಗಿಂದ ಕೂಗಿದರೆ ಯಾರಿಗೆ ಕೇಳೀತು? ಶಾಫ್ಟಿನಲ್ಲಿ ಗಂಟೆಯೇ ಮಾತು. ನಮ್ಮ ಗಣಿ ನಿಯಮಗಳ ಪ್ರಕಾರ ಎರಡು ಹೊಡೆದರೆ ಆಳುಗಳನ್ನು ಹೊರುವ ಕೇಜನ್ನು ಇಳಿಸು, ಮೂರು ಹೊಡೆದರೆ ಆಳುಗಳು ಹತ್ತಲು ಸಿದ್ಧ. ಆದರೆ ಮೇಲಿಂದ ಮರಳಿ ಮೂರು ಗಂಟೆ ಕೇಳುವ ತನಕ ಯಾರೂ ಕಾಲಿಡುವಂತಿಲ್ಲ. ಓಡುವ ಕೇಜು ನಿಲ್ಲಿಸಲು ಒಂದೇ ಗಂಟೆ: ಅತಿ ತುರ್ತಿನ ಮಾತಿಗೆ ಅತಿ ಚಿಕ್ಕ ಸದ್ದು. ಕೇಜನ್ನು ಏರಿಸಿ ಇಳಿಸುವ ವೈಂಡಿಂಗ್ ಎಂಜಿನ್ ನಡೆಸುವವನ ಎದುರು ಕೇಜು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಮುಳ್ಳು ಬೇರೆ. ಕೇಳಿದ್ದಕ್ಕೆ ಮರುದನಿ, ಇರುವ ಜಾಗದ ಗುರುತು, ಎರಡೂ ಇದ್ದವು.

ನಮ್ಮ ಆಟಗಳಲ್ಲಿ ಎಷ್ಟೋ ಸಲ ಒಂದು ಕೆಂಪು ಗುರುತು, ಒಂದು ಡೊಂಯ್ ಸದ್ದು, ಅಷ್ಟೇ. ಆ ಸದ್ದು ತಮಾಷೆಯಾಗಿದ್ದರಂತೂ ಮಕ್ಕಳು ಅದನ್ನು ಕೇಳಲೆಂದೇ ತಪ್ಪು ಒತ್ತುತ್ತಾರೆ. ಕೆಂಪು ಹಸಿರಿನ ಭೇದ ಕಾಣದ ಮಗುವಿನ ಪಾಡನ್ನಂತೂ ಕೇಳುವವರಿಲ್ಲ.

ಏಳಕ್ಕೆ ಐದು ಕೂಡಿಸು ಎಂದಾಗ ಮಗು 11 ಒತ್ತಿತು ಅನ್ನಿ. ‘ತಪ್ಪು’ ಎಂದರೆ ಏನು ಕಲಿತ ಹಾಗಾಯಿತು? ಸಂಖ್ಯಾರೇಖೆಯ ಮೇಲೆ ಕಪ್ಪೆಯೊಂದು 7ರಿಂದ ಐದು ಸಲ ಕುಪ್ಪಳಿಸಿ 12ರಲ್ಲಿ ನಿಲ್ಲಲಿ. ಮಗು ಒತ್ತಿದ 11ರಲ್ಲಿ ನೆಟ್ಟ ಬಾವುಟ ಒಂದು ಮನೆ ಹಿಂದೆಯೇ ಇರಲಿ. ತಾನು ಏಳನ್ನೂ ಸೇರಿಸಿ ಎಣಿಸಿಬಿಟ್ಟೆನೆಂದು ಅದಕ್ಕೇ ಹೊಳೆಯುತ್ತದೆ. ಮಾತೇ ಬೇಕಿಲ್ಲ. ಕೆ.ಜಿ.ಎಫ್.ನಲ್ಲಿ ಎಷ್ಟೋ ಮನೆಗಳ ಮಾತು ತಮಿಳು, ಇನ್ನೆಷ್ಟೋ ಮನೆಗಳದು ತೆಲುಗು. ‘ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಸಾಲನ್ನು ಓದಲು ಆ ಎಳೆಯರಿಗೆ ಇನ್ನೂ ಕಾಲವಿದೆ.

ನಮ್ಮ ಶಾಲೆಗಳ ನಲಿ-ಕಲಿಯವರು ಇದನ್ನು ಎಂದೋ ಬಲ್ಲರು. ಕೋಲಾರದ ಗಡಿಯಾಚೆ, ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಗೋಡೆಯ ಮೇಲೊಂದು ಕಲಿಕಾ ಏಣಿ. ಕಾರ್ಡಿನ ಚಿತ್ರ ನೋಡಿ ಮಗುವೇ ತನ್ನ ಮೆಟ್ಟಿಲು ಹುಡುಕಿಕೊಳ್ಳುತ್ತದೆ. ಕರೆಂಟು ಬೇಡ, ನೆಟ್‌ವರ್ಕ್ ಬೇಡ.

ಆಟ ಕಟ್ಟುವವರಲ್ಲಿ ನನ್ನದೊಂದು ಬಿನ್ನಹ. ರಾಬರ್ಟ್‌ಸನ್‌ಪೇಟೆಯ ಯಾವುದಾದರೂ ಶಾಲೆಗೆ ಹೋಗಿ, ಸದ್ದು ಬಂದ್ ಮಾಡಿದ ಫೋನನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂತು ನೋಡಿ. ತಪ್ಪು ಒತ್ತಿದ ಮೇಲೆ ಅದು ಪರದೆಯನ್ನೇ ನೋಡುತ್ತದೋ, ತಲೆಯೆತ್ತಿ ನಿಮ್ಮ ಮುಖ ನೋಡುತ್ತದೋ? ಮುಖ ನೋಡಿದರೆ ಆ ಪರದೆಯನ್ನು ಮತ್ತೆ ಬರೆಯಿರಿ.