ಅಮ್ಮ ನೋಡಿದ ಮಂಡಿಪೇಟೆ

ತುಮಕೂರಿನಲ್ಲಿ ಶಿರಾ ಗೇಟ್ ಇದೆ, ಗುಬ್ಬಿ ಗೇಟ್ ಇದೆ. ಹೋಗಿ ಹುಡುಕಿದರೆ ಎರಡೂ ಕಡೆ ಒಂದು ಬಾಗಿಲೂ ಸಿಗುವುದಿಲ್ಲ. ಸಿಗುವುದು ಆಟೋ ನಿಲ್ದಾಣ, ಎಳನೀರು ಗಾಡಿ, ಪಂಕ್ಚರ್ ಅಂಗಡಿ. ಆದರೂ ನನಗೆ ಆ ಹೆಸರುಗಳು ಇಷ್ಟ. ಊರು ತನ್ನ ಅಂಚಿಗೆ ತನ್ನ ಹೆಸರನ್ನಿಡದೆ, ಆ ದಾರಿಯಲ್ಲಿ ಬರುವವರ ಊರಿನ ಹೆಸರಿಟ್ಟುಕೊಂಡಿದೆ. ಈ ಎರಡು ಗೇಟುಗಳಿಂದ ಒಳಕ್ಕೆ ಬಂದರೆ ಅಶೋಕ ರಸ್ತೆ, ಜೆ.ಸಿ. ರಸ್ತೆ, ಎಂ.ಜಿ. ರಸ್ತೆ, ಚಿಕ್ಕಪೇಟೆ, ಹೊರಪೇಟೆ, ಮಂಡಿಪೇಟೆ. ನಮ್ಮ ಕಡೆ ಯಾರಾದರೂ ‘ತುಮಕೂರಿಗೆ ಹೋಗಿದ್ದೆ’ ಎಂದರೆ ಇಷ್ಟರೊಳಗೆ ಎಲ್ಲೋ ಓಡಾಡಿ ಬಂದಿದ್ದಾರೆ ಎಂದೇ ಅರ್ಥ. ಆಮೇಲೆ ಬೆಳೆದ ಬಡಾವಣೆಗಳು ತುಮಕೂರಲ್ಲ, ಅವು ‘ನಮ್ಮ ನೆಂಟರ ಮನೆ ಇರೋ ಕಡೆ’.

ನಮ್ಮೂರು ಗುಬ್ಬಿ ತಾಲ್ಲೂಕಿನ ನಿಟ್ಟೂರು ಹೋಬಳಿಗೆ ಸೇರಿದ್ದು. ಅಪ್ಪ ಮಂಡಿಪೇಟೆಯ ಒಂದು ಧಾನ್ಯದ ಮಂಡಿಯಲ್ಲಿ 31 ವರ್ಷ ಗುಮಾಸ್ತರಾಗಿದ್ದರು. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ರಾತ್ರಿ ಎಂಟಕ್ಕೆ ಮನೆ. ಅಂಗಿಯ ಮಡಿಕೆಯಲ್ಲಿ ರಾಗಿಯ ಧೂಳು, ಕಿವಿಯ ಹಿಂದೆ ಪೆನ್ನು. ಎಲ್ಲರೂ ಕ್ವಿಂಟಾಲ್ ಎನ್ನುವಾಗಲೂ ಮನೆಯಲ್ಲಿ ಅವರದು ಪಲ್ಲದ ಲೆಕ್ಕ, ಸೇರಿನ ಲೆಕ್ಕ. ಮಂಡಿಪೇಟೆ ನಮ್ಮ ಮನೆಗೆ ಬರುತ್ತಿದ್ದುದು ಅವರ ಮಾತಿನಲ್ಲಿ: ಇವತ್ತು ಯಾವ ಊರಿನವರು ಬಂದಿದ್ದರು, ಯಾರ ಮಗಳ ಮದುವೆಗೆ ಎಷ್ಟು ಚೀಲ ಅಕ್ಕಿ ಹೋಯಿತು, ಯಾರು ಹಳೇ ಬಾಕಿ ತೀರಿಸದೆ ರಸ್ತೆಯ ಆ ಬದಿಯಲ್ಲಿ ಮುಖ ತಿರುಗಿಸಿಕೊಂಡು ಹೋದರು. ಮದುವೆಯಾಗಿ ಮೂರು ದಶಕ ಕಳೆಯುವಷ್ಟರಲ್ಲಿ ಅಮ್ಮ ಆ ಬೀದಿಯನ್ನು ಕಣ್ಣಾರೆ ನೋಡಿದ್ದು ಎರಡೇ ಸಲ. ಒಮ್ಮೆ ನನಗೆ ಜ್ವರ ಬಂದು ಆಸ್ಪತ್ರೆಗೆ ಕರೆದೊಯ್ದಾಗ, ಇನ್ನೊಮ್ಮೆ ಅಕ್ಕನ ಮದುವೆಯ ಸೀರೆಗೆ ಚಿಕ್ಕಪೇಟೆಗೆ ಹೋಗಿ ವಾಪಸು ಬರುವಾಗ. ಎರಡನೇ ಸಲವೂ ಮಂಡಿಯೊಳಕ್ಕೆ ಕಾಲಿಡಲಿಲ್ಲ. ಹೊರಗೇ ನಿಂತಿದ್ದಳು, ಸಾಹುಕಾರರ ಮನೆಯಿಂದ ಕಾಫಿ ಬಂತು ಅಷ್ಟೆ.

ಪೇಟೆ ಮುಳುಗಿತು, ಪೇಟೆ ಎದ್ದಿತು ಎಂಬ ಮಾತು ನನಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಇತಿಹಾಸವೇ ಅದು. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರೆಂದು ಬರೆದಿಟ್ಟಿದ್ದಾನೆ. ಆಗ ದೂರದ ವರ್ತಕರು ಗುಬ್ಬಿಯ ಸಂತೆಗೆ ಬರುತ್ತಿದ್ದರು. ಇವತ್ತು ಗುಬ್ಬಿಯ ಹೆಸರು ಹೇಳಿದರೆ ಯಾರಿಗೂ ಸಂತೆ ನೆನಪಾಗುವುದಿಲ್ಲ, ನಾಟಕ ಕಂಪನಿ ನೆನಪಾಗುತ್ತದೆ. ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದೂ ಅದೇ ವರ್ಷ. ಎರಡಕ್ಕೂ ಗಂಟು ಹಾಕುವುದು ಅತಿಯಾದೀತು, ಆದರೆ ಮನಸ್ಸು ಹಾಕಿಬಿಡುತ್ತದೆ. ವ್ಯಾಪಾರ ಜಿಲ್ಲಾ ಕೇಂದ್ರದ ಕಡೆಗೆ ಜರುಗಿದ ಕಾಲದಲ್ಲಿ ಗುಬ್ಬಿ ತನ್ನ ಹೆಸರನ್ನು ಬೇರೆ ಸರಕಿನ ಮೇಲೆ ಹೊರಿಸಿ ಕಳಿಸಿತು. ವೀರಣ್ಣನವರ ಕಾಲಕ್ಕೆ ಆ ಹೆಸರು ಆನೆ, ಕುದುರೆಗಳನ್ನು ರಂಗದ ಮೇಲೆ ತಂದು ನಿಲ್ಲಿಸುವಷ್ಟು ದೊಡ್ಡದಾಯಿತು. ಸಂತೆ ಮಾತ್ರ ಹಳೆಯ ಅಳತೆಗೆ ಮರಳಲಿಲ್ಲ.

ಕುಣಿಗಲ್ಲಿನ ಕಥೆ ನನ್ನ ಕಣ್ಣ ಮುಂದೆಯೇ ಆದದ್ದು. ಚಿಕ್ಕಮ್ಮನ ಮನೆ ಅಲ್ಲಿ. ಬೆಂಗಳೂರಿನಿಂದ ಹಾಸನ, ಮಂಗಳೂರಿಗೆ ಹೋಗುವ ವಾಹನಗಳೆಲ್ಲ ಊರೊಳಗೇ ನುಗ್ಗಿ ಹೋಗುತ್ತಿದ್ದ ಕಾಲದಲ್ಲಿ ರಸ್ತೆ ದಾಟಲು ಐದು ನಿಮಿಷ ಕಾಯಬೇಕಿತ್ತು. ಚಿಕ್ಕಮ್ಮ ದಿನವೂ ಅವುಗಳಿಗೆ ಶಾಪ ಹಾಕುತ್ತಿದ್ದಳು. ಹೆದ್ದಾರಿ ಅಗಲವಾಗಿ ಬೈಪಾಸ್ ಬಂತು, ಕಾರುಗಳು ಊರಿನ ಹೊರಗಿನಿಂದಲೇ ಸರಿದುಹೋದವು. ಹೋಟೆಲುಗಳೂ ಅವುಗಳ ಹಿಂದೆಯೇ ಬೈಪಾಸಿನ ಅಂಚಿಗೆ ನಡೆದವು. ಹಾಡಿನಲ್ಲಿ ಕುಣಿಗಲ್ ಕೆರೆಯನ್ನು ಕೇಳಿದವರು ಈಗ ಕೆರೆಯನ್ನು ನೋಡದೆಯೇ ಕುಣಿಗಲ್ ದಾಟಬಹುದು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ರೈಲುಮಾರ್ಗ ಶುರುವಾದಾಗ ಚಿಕ್ಕಮ್ಮನ ಬೀದಿಯವರಿಗೆ ಪೇಟೆ ಮತ್ತೆ ಕಳೆಗಟ್ಟುತ್ತದೆ ಎಂಬ ಆಸೆ ಹುಟ್ಟಿತು. ಆಸೆಯೇನೋ ಸರಿ. ಆದರೆ ರೈಲು ಜನರನ್ನು ತರುವಷ್ಟೇ ಸಲೀಸಾಗಿ ಬೆಂಗಳೂರಿಗೆ ಒಯ್ಯುತ್ತದೆ ಕೂಡ.

ಮಂಡಿಪೇಟೆಯ ಇಳಿತ ಹೀಗೆ ಒಂದು ರಸ್ತೆಯಿಂದ, ಒಂದು ದಿನದಲ್ಲಿ ಆದದ್ದಲ್ಲ. 1966ರ ಎಪಿಎಂಸಿ ಕಾಯ್ದೆ ರೈತರ ಉತ್ಪನ್ನದ ಸಗಟು ವ್ಯಾಪಾರ ನಿಯಂತ್ರಿತ ಪ್ರಾಂಗಣದಲ್ಲೇ ನಡೆಯಲಿ ಎಂದಿತು. ರೈತನ ದೃಷ್ಟಿಯಿಂದ ಅದು ಒಳ್ಳೆಯದೇ. ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಆಟದಲ್ಲಿ ಸೋಲುತ್ತಿದ್ದವನು ಸದಾ ಬೆಳೆದವನೇ. ಹುಣಸೆಹಣ್ಣು, ಅಡಿಕೆ ಪ್ರಾಂಗಣದಲ್ಲಿ ಬೆಳೆದವು. ತರಕಾರಿ ಜೆ.ಸಿ. ರಸ್ತೆಯಿಂದ ಎದ್ದು ಅಂತರಸನಹಳ್ಳಿಗೆ ಹೋಯಿತು. ಪುಣೆ ಹೆದ್ದಾರಿಯ ಲಾರಿಗಳು ಕ್ಯಾತ್ಸಂದ್ರದಿಂದಾಚೆ ಊರಿನ ಹೊರಗೇ ತಿರುಗಿಕೊಂಡವು. ಇನ್ನು ಬೆಂಗಳೂರು ಇರುವುದೇ 70 ಕಿಲೋಮೀಟರ್ ದೂರದಲ್ಲಿ. ಮೈಸೂರಿಗೋ ದಾವಣಗೆರೆಗೋ ತಾನೇ ಒಂದು ಸೀಮೆಯ ರಾಜಧಾನಿ ಎಂಬ ಜಂಬ ಸಾಧ್ಯ. ತುಮಕೂರಿಗೆ ಅದನ್ನು ಬೆಂಗಳೂರು ಬಿಟ್ಟುಕೊಟ್ಟಿಲ್ಲ. ನಾಲ್ಕು ಕಾಸು ಹೆಚ್ಚಿದ್ದವರು ಮದುವೆ ಸೀರೆಗೆ ಬೆಂಗಳೂರಿನ ಚಿಕ್ಕಪೇಟೆಗೆ ಹೋದರು, ಕಡಿಮೆ ಇದ್ದವರಷ್ಟೇ ತುಮಕೂರಿನ ಚಿಕ್ಕಪೇಟೆಯಲ್ಲಿ ಉಳಿದರು. ಆಮೇಲೆ ಫೋನು ಬಂತು, ಫೋನಿನಲ್ಲೇ ಅಂಗಡಿ ಬಂತು.

ಅಪ್ಪನ ಮಂಡಿಯಲ್ಲಿ ಹಮಾಲರು ಹನ್ನೊಂದಿದ್ದವರು ನಾಲ್ಕಾದರು, ಆಮೇಲೆ ಇಬ್ಬರು. ಸಾಹುಕಾರರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿಕೊಂಡ. ಅಪ್ಪ ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅದೇ ಅವರಿಗೆ ನಾಟಿದ್ದು. ‘ನನ್ನ ಕೆಲಸಕ್ಕೆ ಬೇರೆಯವನು ಬಂದಿದ್ರೆ ಬೇಜಾರಿರಲಿಲ್ಲ ಕಣೋ, ಕೆಲಸನೇ ಇಲ್ದಂಗಾಯ್ತಲ್ಲ’ ಎಂದಿದ್ದರು. ಆಮೇಲೆ ಅವರು ಪೇಟೆಯ ಕಡೆ ತಲೆ ಹಾಕಲಿಲ್ಲ. ಪೆನ್ಷನ್ನಿಲ್ಲದ ಮನುಷ್ಯ, ಎರಡು ಎಕರೆ ತೆಂಗು, ಒಂದು ರೇಡಿಯೋ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅಮಾನಿಕೆರೆ, ಮಹಾತ್ಮ ಗಾಂಧಿ ಕ್ರೀಡಾಂಗಣ, ಬಸ್ ನಿಲ್ದಾಣ, ಪೇಟೆಯ ರಸ್ತೆಗಳು ಎಲ್ಲವೂ ಕೆಲಸದ ಪಟ್ಟಿಯಲ್ಲಿದ್ದವು. ಆಗ ನಾನು ಬಿ.ಎಚ್. ರಸ್ತೆಯ ಕಾಲೇಜಿಗೆ ಬರುತ್ತಿದ್ದೆ. ಆ ವರ್ಷಗಳ ನೆನಪೆಂದರೆ ಗುಂಡಿ. ಒಂದು ಇಲಾಖೆ ಮುಚ್ಚಿದ್ದನ್ನು ಇನ್ನೊಂದು ಅಗೆಯುತ್ತಿತ್ತು. ಬಟ್ಟೆ ಅಂಗಡಿಯವರು ಧೂಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಿರಾಕಿ ಬಂದಾಗ ಮಾತ್ರ ಎತ್ತಿ ತೋರಿಸುತ್ತಿದ್ದರು. ಅಷ್ಟಾದ ಮೇಲೆ ಎಂ.ಜಿ. ರಸ್ತೆಗೆ ಅಗಲವಾದ ಪಾದಚಾರಿ ದಾರಿ ಬಂತು. ನಿಜ ಹೇಳಬೇಕೆಂದರೆ ಚೆನ್ನಾಗಿದೆ. ಅರ್ಧದಲ್ಲಿ ಬೈಕುಗಳು ನಿಂತಿರುತ್ತವೆ, ಇನ್ನರ್ಧದಲ್ಲಿ ನಡೆಯಬಹುದು. ಹಳೇ ತರಕಾರಿ ಮಾರುಕಟ್ಟೆಯ ಜಾಗದಲ್ಲಿ ಮಾಲ್ ಕಟ್ಟುವ ಮಾತೂ ಬಂತು, ಅದಕ್ಕೆ ವಿರೋಧವೂ ಬಂತು. ನನ್ನ ಮಟ್ಟಿಗೆ, ಪೇಟೆಯ ನಡುವೆ ಮಾಲ್ ಕಟ್ಟಿ ಪೇಟೆಯನ್ನು ಉಳಿಸುವುದು ಕೆರೆಯ ನಡುವೆ ಈಜುಕೊಳ ಕಟ್ಟಿದ ಹಾಗೆ.

ಕಲ್ಲು ಹಾಸಿದರೆ ಪೇಟೆ ಬರುತ್ತದೆಯೇ ಎಂಬುದು ನಮ್ಮೂರಿನ ಪ್ರಶ್ನೆ ಮಾತ್ರ ಅಲ್ಲ. 1961ರಲ್ಲೇ ಅಮೆರಿಕದ ಜೇನ್ ಜೇಕಬ್ಸ್ ತನ್ನ ದೇಶದ ಮಹಾನಗರಗಳ ಸಾವು ಬದುಕಿನ ಬಗ್ಗೆ ಬರೆದ ಪುಸ್ತಕದಲ್ಲಿ, ನಡುಪೇಟೆಗೆ ಹಳೆಯ ಕಟ್ಟಡಗಳು ಬೇಕೇಬೇಕು ಎಂದು ವಾದಿಸಿದ್ದಳು. ಚಂದಕ್ಕಾಗಿ ಅಲ್ಲ, ಬಾಡಿಗೆಗಾಗಿ. ಹೊಸ ಕಟ್ಟಡದ ಬಾಡಿಗೆಯನ್ನು ದೊಡ್ಡ ಕಂಪನಿ ಮಾತ್ರ ಕೊಡಬಲ್ಲದು, ಕೈಯಲ್ಲಿ ಕಡಿಮೆ ದುಡ್ಡಿದ್ದು ಏನನ್ನೋ ಶುರು ಮಾಡುವವರಿಗೆ ಹಳೆಯ ಗೋಡೆಗಳೇ ಗತಿ. ಇದನ್ನು ಓದಿದ ಮೇಲೆ ನಾನು ಮಂಡಿಪೇಟೆಯ ಮಹಡಿಗಳನ್ನು ತಲೆಯೆತ್ತಿ ನೋಡತೊಡಗಿದೆ. ಚೀಲ ಪೇರಿಸುತ್ತಿದ್ದ ಅಟ್ಟಗಳಲ್ಲಿ ಟೈಲರಿಂಗ್ ಕ್ಲಾಸು, ಪರೀಕ್ಷೆಯ ಕೋಚಿಂಗು, ಮೊಬೈಲ್ ರಿಪೇರಿ, ಫ್ಲೆಕ್ಸ್ ವಿನ್ಯಾಸ ಮಾಡುವ ಇಬ್ಬರು ಹುಡುಗರು. ಯಾವುದೂ ಯಾವ ಯೋಜನೆಯ ಪಟ್ಟಿಯಲ್ಲೂ ಇರಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅಮ್ಮ ಮೊದಲ ತಿಂಗಳು ಹತ್ತಿರದ ದೇವಸ್ಥಾನಗಳನ್ನು ಮುಗಿಸಿದಳು. ಎರಡನೇ ತಿಂಗಳು, ಬೀದಿಯ ಮೂವರು ಹೆಂಗಸರ ಜೊತೆ, ತುಮಕೂರು. ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಸುತ್ತಿ ರವಿಕೆಯೊಳಗಿಟ್ಟುಕೊಂಡು ಹೊರಡುತ್ತಾರೆ. ಖಾಸಗಿ ಬಸ್ಸು ಎಷ್ಟೇ ಖಾಲಿಯಿರಲಿ, ಕಂಡಕ್ಟರ್ ಎಷ್ಟೇ ಕೂಗಲಿ, ಸರ್ಕಾರಿ ಬಸ್ಸು ಬರುವವರೆಗೂ ಅಲ್ಲಾಡುವುದಿಲ್ಲ. ತುಮಕೂರಿನಲ್ಲಿ ಇಳಿದು ಪೇಟೆಗೆ ನಡೆದೇ ಹೋಗುತ್ತಾರೆ, ಆಟೋಗೆ ಕೊಡುವ ದುಡ್ಡಿನಲ್ಲಿ ಒಂದು ಮೊಳ ಹೂವಾದರೂ ಬರುತ್ತದೆ. ಎರಡು ರವಿಕೆ ಕಣ, ಒಂದು ಸ್ಟೀಲ್ ಡಬ್ಬಿ, ಮೊಮ್ಮಗುವಿಗೆ ಚಡ್ಡಿ. ಇಷ್ಟಕ್ಕೆ ಹನ್ನೆರಡು ಅಂಗಡಿ ಹತ್ತಿ ಇಳಿಯುತ್ತಾರೆ. ಅಂಗಡಿಯವರು ಮೊದಮೊದಲು ಗೊಣಗುತ್ತಿದ್ದರಂತೆ. ಈಗ ನೂರು ರೂಪಾಯಿಯೊಳಗಿನ ಸಾಮಾನನ್ನೆಲ್ಲ ಬಾಗಿಲ ಮುಂದೆಯೇ ಜೋಡಿಸಿಡುತ್ತಾರೆ.

ಉಚಿತ ಬಸ್ಸಿನಿಂದಲೇ ಪೇಟೆ ಎದ್ದಿತು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಇಟ್ಟವರು ಹೇಳಲಿ. ನಾನು ನೋಡಿದ್ದು ಇಷ್ಟು: ಪೇಟೆ ಸತ್ತಿತು ಎಂದು ನಮ್ಮ ಮನೆಯಲ್ಲಿ ಹತ್ತು ವರ್ಷ ಶೋಕ ನಡೆಯಿತಲ್ಲ, ಆ ಪೇಟೆಯೊಳಗೆ ಅಮ್ಮ ಇರಲೇ ಇಲ್ಲ. ಸಾಹುಕಾರ, ಗುಮಾಸ್ತ, ಹಮಾಲ, ಲಾರಿ ಡ್ರೈವರ್, ಧಾನ್ಯ ತಂದ ರೈತ ಎಲ್ಲರೂ ಗಂಡಸರು. ಅಂಚಿನಲ್ಲಿ ಕಸ ಹೊಡೆದು ಚೆಲ್ಲಿದ ಕಾಳು ಆಯುತ್ತಿದ್ದ ಹೆಂಗಸರನ್ನು ಅಪ್ಪನೇ ಒಂದೆರಡು ಸಲ ನೆನಪಿಸಿಕೊಂಡದ್ದುಂಟು, ಹೆಸರು ಹೇಳಿದ ನೆನಪಿಲ್ಲ. ‘ಮೊದಲಿನ ಹಾಗೆ ಆಗಬೇಕು’ ಎಂದು ಹಳಬರು ಹೇಳುವಾಗ ನನಗೆ ಈಗ ಸ್ವಲ್ಪ ಕಸಿವಿಸಿಯಾಗುತ್ತದೆ. ಮೊದಲಿನ ಹಾಗಾದರೆ ಅಮ್ಮ ಹೊರಗೆ ನಿಂತು ಕಾಫಿ ಕುಡಿಯಬೇಕಾಗುತ್ತದೆ.

ಹಾಗೆಂದು ನೆಮ್ಮದಿಯಾಗಿಯೂ ಇಲ್ಲ. ವಿಶ್ವವಿದ್ಯಾಲಯ 2004ರಲ್ಲಿ ಹುಟ್ಟಿದ್ದು ಬಿ.ಎಚ್. ರಸ್ತೆಯ ಮೇಲೆ, ಪೇಟೆಯ ಮಗ್ಗುಲಲ್ಲಿ. ಈಗ ಅದರ ಹೊಸ ಆವರಣ ಊರಾಚೆಯ ಬಿದರಕಟ್ಟೆಯಲ್ಲಿ. ಜಾಗ ವಿಶಾಲ, ಬೇಕಾದದ್ದೇ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಸಾಲು ನಿಂತು, ಹಳೇ ಪುಸ್ತಕ ತಿರುವಿ ಹಾಕಿ, ಮೂವರು ಎರಡು ಕಾಫಿ ಹಂಚಿಕೊಂಡು ಸಂಜೆ ಕಳೆಯುತ್ತಿದ್ದ ಹುಡುಗ ಹುಡುಗಿಯರು ಬಸ್ಸು ಹಿಡಿದು ಆ ಕಡೆಗೇ ಹೋದರೆ ಬಿ.ಎಚ್. ರಸ್ತೆಯ ಸಂಜೆ ಏನಾಗುತ್ತದೆ? ಪೇಟೆಯಿಂದ ಒಂದೊಂದನ್ನೇ ಹೊರಗೆ ಸಾಗಿಸುವಾಗ ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೇ ಇತ್ತು. ತರಕಾರಿಗೂ ಇತ್ತು, ಲಾರಿಗೂ ಇತ್ತು.

ಅಪ್ಪನ ಮಂಡಿ ಈಗಲೂ ಇದೆ, ಅರ್ಧದಷ್ಟು. ಹಿಂದಿನ ಅರ್ಧವನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಮುಂದಿನ ಅರ್ಧದಲ್ಲಿ ಸಾಹುಕಾರರ ಸೊಸೆ ನವಣೆ, ಸಾಮೆ, ಕೊರಲೆಯನ್ನು ಕೆ.ಜಿ. ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಬಂದ ಹೆಣ್ಣುಮಗಳು. ಬಡವರ ಕಾಳೆಂದು ಒಂದು ಕಾಲಕ್ಕೆ ಮೂಲೆಗೆ ಬಿದ್ದಿದ್ದ ನವಣೆಗೆ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಬಣ್ಣದ ಲೇಬಲ್ಲು ಬಂದಿದೆ. ಕಳೆದ ತಿಂಗಳು ಅಮ್ಮ ಅಲ್ಲಿಗೆ ಹೋಗಿ, ತಾನು ಯಾರ ಹೆಂಡತಿ ಎಂದು ಹೇಳದೆ, ಅರ್ಧ ಗಂಟೆ ಚೌಕಾಸಿ ಮಾಡಿ ಎರಡು ಕೆ.ಜಿ. ಸಾಮೆ ತಂದಳು.

ಪ್ಯಾಕೆಟ್ಟುಗಳನ್ನು ಜೋಡಿಸಿಟ್ಟಿದ್ದುದು ಒಂದು ಹಳೇ ಇಳಿಜಾರು ಮೇಜಿನ ಮೇಲಂತೆ, ಮಸಿ ಕಲೆ ಇತ್ತಂತೆ. ಅಪ್ಪ ರೇಡಿಯೋದ ಸದ್ದು ತಗ್ಗಿಸಿದರು.

‘ಎಡಗಡೆ ಕಾಲಿಗೆ ರಟ್ಟು ಕೊಟ್ಟಿದ್ರಾ? ಇಲ್ದಿದ್ರೆ ಅಲ್ಲಾಡ್ತದೆ ಅದು.’

‘ನಾನೇನ್ ಬಗ್ಗಿ ನೋಡಿದ್ನಾ? ಗುರುವಾರ ಮತ್ತೆ ಹೋಗ್ತಿದ್ದೀವಿ, ನೀವೂ ಬನ್ನಿ’ ಎಂದಳು ಅಮ್ಮ. ‘ನಿಮಗೊಬ್ರಿಗೆ ಟಿಕೆಟ್ ತಗೋಬೇಕು, ಅಷ್ಟೆ.’